ಟೈಮ್ ಕೊಡುವ ಕೈಗಳು

ಸಾಫ್ಟ್‌ಬಾಲ್‌ನಲ್ಲಿ ಚೆಂಡು ಆಟದಲ್ಲಿರುವಾಗ ಯಾರು ಕೇಳಿದರೂ ಅಂಪೈರ್ ಟೈಮ್, ಅಂದರೆ ಆಟಕ್ಕೆ ಬಿಡುವು, ಕೊಡಬಾರದು. ಆದರೆ ಆಟಗಾರ್ತಿಗೆ ಜೋರು ಪೆಟ್ಟಾದರೆ ಎರಡೂ ಕೈ ಎತ್ತಿ ಆಟವನ್ನು ಅಲ್ಲೇ ನಿಲ್ಲಿಸಬೇಕು. ಇದನ್ನೆಲ್ಲ ಬಾಯಿಪಾಠ ಮಾಡಿದ್ದ ಮಹಾನುಭಾವರೊಬ್ಬರ ಜೊತೆ ನಾನು ಕೂಕಟ್‌ಪಲ್ಲಿಯಲ್ಲಿ ಹುಡುಗಿಯರ ಪಂದ್ಯವೊಂದನ್ನು ನಡೆಸಿದ್ದೆ. ಅವರು ಹಿರಿಯರು, ಬ್ಯಾಟ್ ಬೀಸುವವಳ ಹಿಂದೆ ನಿಲ್ಲುವವರು. ನಾನು ಓಡುವವರು ಮುಟ್ಟಬೇಕಾದ ಬೇಸ್‌ಗಳ ಹತ್ತಿರ ನಿಲ್ಲುವ ಕಿರಿಯ ಅಂಪೈರ್. ಪುಸ್ತಕದ ಬದನೆಕಾಯಿ ಅಂದರೆ ಏನೆಂದು ಅವರನ್ನು ನೋಡಿಯೇ ತಿಳಿಯಬೇಕು.

ಮೂರನೇ ಇನಿಂಗ್ಸ್‌ನಲ್ಲಿ ಚೆಂಡು ದೂರಕ್ಕೆ ಹಾರಿತ್ತು, ಹೊಡೆದ ಹುಡುಗಿ ಓಡುತ್ತಿದ್ದಳು. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಗೇಟಿನೊಳಗೆ ಬಂತು. ಹಿರಿಯರ ಕೈಗಳು ತಾವಾಗಿಯೇ ಮೇಲೆದ್ದವು. ಟೈಮ್! ಹುಡುಗಿ ನಡುದಾರಿಯಲ್ಲಿ ಪೆಚ್ಚಾಗಿ ನಿಂತಳು. ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿ ಕೈಕುಲುಕಿಸಿದ್ದಾಯಿತು, ಸಾಹೇಬರಿಗೆ ಶಾಲು ಹೊದಿಸಿದ್ದಾಯಿತು. ಇದು ಕ್ರಿಕೆಟ್ಟೇ ಎಂದು ಆ ಸಾಹೇಬರು ಪಕ್ಕದವರನ್ನು ಕೇಳುತ್ತಿದ್ದರು.

ಐದನೇ ಇನಿಂಗ್ಸ್‌ನಲ್ಲಿ ಅದೇ ಹುಡುಗಿ ಮೂರನೇ ಬೇಸಿಗೆ ಓಡುವಾಗ ಬಿದ್ದಳು. ಬೀದರ್ ಕಡೆಯವಳು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದಳು, ಆಟದ ನಿಯಮಗಳನ್ನು ನನ್ನಿಂದಲೇ ಕೇಳಿ ಕಲಿತಿದ್ದಳು. ರಾಜ್ಯ ತಂಡಕ್ಕೆ ಆರಿಸುವವರು ಅಂದು ಅವಳನ್ನೇ ನೋಡಲು ಬಂದಿದ್ದರು. ಅವಳ ಮೊಣಕಾಲು ಪಕ್ಕಕ್ಕೆ ತಿರುಗಿದ್ದನ್ನು ನಾನು ನಾಲ್ಕೇ ಹೆಜ್ಜೆ ದೂರದಿಂದ ಕಂಡೆ. ಕೋಚ್ ಟೈಮ್, ಟೈಮ್ ಎಂದು ಅರಚಿದರು. ಹಿರಿಯರಿಗೆ ಆಗ ನಿಯಮ ನೆನಪಾಯಿತು! ಚೆಂಡು ಆಟದಲ್ಲಿದೆ, ಟೈಮ್ ಇಲ್ಲ ಎಂದು ಹಿಂದಿಯಲ್ಲಿ ಗುಡುಗಿದರು. ಹುಡುಗಿ ಎದ್ದು, ಅದೇ ಕಾಲಿನ ಮೇಲೆ ಮೂರು ಹೆಜ್ಜೆ ಓಡಿ, ಬೇಸ್ ಮುಟ್ಟಿ ಕುಸಿದಳು. ಆ ಮೂರು ಹೆಜ್ಜೆಯಲ್ಲಿ ಮೊಣಕಾಲಿನ ಲಿಗಮೆಂಟ್‌ನಲ್ಲಿ ಉಳಿದದ್ದೂ ಹರಿದುಹೋಯಿತೆಂದು ಡಾಕ್ಟರು ಹೇಳಿದರಂತೆ. ಅವಳು ಮತ್ತೆ ಆಡಲಿಲ್ಲ.

ಆ ಮನುಷ್ಯನನ್ನು ನಾನು ಹೋದಲ್ಲೆಲ್ಲ ಜಾಡಿಸಿದ್ದೇನೆ. ಕಾರು ಕಂಡರೆ ಏಳುವ ಕೈ, ಕಾಲು ಮುರಿದರೆ ಏಳದ ಕೈ ಎಂದು ಹಂಗಿಸಿ ನಕ್ಕಿದ್ದೇನೆ. ಕಳೆದ ತಿಂಗಳು ದಿಲ್‌ಸುಖ್‌ನಗರದ ಮೆಟ್ರೊ ಮೆಟ್ಟಿಲ ಮೇಲೆ ಆ ಹುಡುಗಿ ಸಿಕ್ಕಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಅವಳ ಮುಂದೆಯೂ ಹಿರಿಯರ ಪುರಾಣ ಶುರುಮಾಡಿದೆ. ಪೂರ್ತಿ ಕೇಳಿಸಿಕೊಂಡಳು.

"ಅವ್ರು ದೂರ ಇದ್ರು ಬಿಡ್ರಿ ಮೇಡಮ್. ಟೈಮ್ ಯಾವ ಅಂಪೈರ್ ಬೇಕಾದ್ರೂ ಕೊಡಬಹುದಂತ ನೀವ ಹೇಳಿಕೊಟ್ಟಿದ್ರಿ. ನೀವು ಯಾಕ ಕೈ ಎತ್ತಲಿಲ್ಲ?"

ಹಿರಿಯರ ಎದುರು ನಾನು ಹೇಗೆ ಎತ್ತಲಿ ಎನ್ನಲು ಬಾಯಿ ತೆರೆದೆ. ಅಂದು ಕಾರು ಬಂದಾಗ ಅವರ ಜೊತೆಗೇ ನಾನೂ ಎರಡೂ ಕೈ ಎತ್ತಿದ್ದೆ.