ಯಾರೊಡನೆಯೂ ಮಾತಾಡದ ಯಂತ್ರ

ಬೆಳಕಿಗೆ ಇನ್ನೂ ಕಲ್ಲಿನ ಬಣ್ಣ ಸಿಕ್ಕಿಲ್ಲ. ಇಳಕಲ್ಲಿನಿಂದ ಗುಡೂರಿನ ಕಡೆ ಹೋಗುವ ದಾರಿಯ ಬದಿಗಿರುವ ಕೆಂಪು ಗ್ರಾನೈಟ್ ಕ್ವಾರಿಯೊಂದರ ಅಂಚಿನಲ್ಲಿ ರಾಜಮಹ್ಮದ ನಡೆಯುತ್ತಿದ್ದಾರೆ. ಕಂಕುಳಲ್ಲಿ ಸುತ್ತಿಟ್ಟ ಬಾವುಟ, ಕೊರಳಲ್ಲಿ ಸೀಟಿ. ಕುರಿಗಾರರ ಕಾಲುದಾರಿ ನೋಡುತ್ತಾರೆ, ಬಾರಿ ಗಿಡಗಳ ಹಿಂದೆ ಇಣುಕುತ್ತಾರೆ. ಎದೆಯ ಜೇಬಿನಲ್ಲಿ ಏನೋ ಕೀರಲು ದನಿಯಲ್ಲಿ ಕೂಗುತ್ತದೆ. ತೆಗೆದು ಓದಿ, ಗುಂಡಿ ಒತ್ತಿ, ಮತ್ತೆ ನಡೆಯುತ್ತಾರೆ.

ತಿರುಗಿ ಬರುವಾಗ, ಅವರ ಬಗ್ಗೆ ಬರೆಯಲೆಂದು ಬಂದ ನಮ್ಮನ್ನು ಕಂಡು ತಡೆಯುತ್ತಾರೆ. "ಯಾರ್ರಿ ನೀವು? ಇಲ್ಲಿ ನಿಂದ್ರಬ್ಯಾಡ್ರಿ, ಮದ್ದು ಹಾರಸ್ತಾರ."

ಸ್ವಲ್ಪ ಹೊತ್ತಿನ ಹಿಂದೆ ಇದೇ ಬಂಡೆಯ ಮೇಲೆ ಕುಳಿತು, ನಮ್ಮ ಹೆಸರು ಊರು ಕೇಳಿ, ಚಹಾ ಹಂಚಿಕೊಂಡವರು ಅವರೇ. ತಮಾಷೆ ಎಂದುಕೊಳ್ಳುತ್ತೇವೆ. ಅವರ ಮುಖದಲ್ಲಿ ತಮಾಷೆಯಿಲ್ಲ. ಕಲ್ಲು ಸಿಡಿಸುವ ಮುನ್ನ ಸುತ್ತಲಿನ ಮನುಷ್ಯರನ್ನೂ ಕುರಿಗಳನ್ನೂ ದೂರ ಸಾಗಿಸಿ, ಯಾರೂ ಉಳಿದಿಲ್ಲ ಎಂದು ಹಸಿರು ಬಾವುಟ ಬೀಸಬೇಕಾದ ಮನುಷ್ಯನಿಗೆ ಈ ಬೆಳಗೇ ನೆನಪಿಲ್ಲ.

ಮೊದಲು ಅವರು ಡ್ರಿಲ್ ಹಿಡಿಯುತ್ತಿದ್ದರು. ಮೂರು ವರ್ಷದ ಹಿಂದೆ ಸಿಡಿದ ಕಲ್ಲಿನ ಚೂರೊಂದು ಕಿವಿಯ ಮೇಲೆ ಬಡಿಯಿತು. ಬಾಗಲಕೋಟೆಯ ದವಾಖಾನೆಯಿಂದ ಎದ್ದು ಬಂದಾಗ ಹಳೆಯ ನೆನಪೆಲ್ಲ ಇತ್ತು. ಶಿವಯೋಗ ಮಂದಿರದ ಹತ್ತಿರ ಮಲಪ್ರಭೆಯಲ್ಲಿ ಈಜು ಕಲಿತದ್ದು, ಈ ಗುಡ್ಡದ ಒಂದೊಂದು ದಾರಿ, ಒಂದೊಂದು ಬಂಡೆ. ಹೊಸದು ಮಾತ್ರ ನಿಲ್ಲುವುದಿಲ್ಲ. ಭಾರ ಎತ್ತಬೇಕಿಲ್ಲದ ಹಗುರ ಕೆಲಸವೆಂದು ಅವರ ಕೈಗೆ ಬಾವುಟ ಕೊಟ್ಟರು. ಕ್ವಾರಿಯ ಎಲ್ಲರ ಜೀವ ತೂಗುವ ಕೆಲಸ ಇಲ್ಲಿ ಹಗುರದ್ದು.

ಇಲ್ಲೊಂದು ಕಟ್ಟುನಿಟ್ಟಿನ ರೂಢಿಯಿದೆ. ಬಾವುಟದವನು ಕೂಡಿಸಿದ ಜಾಗದಿಂದ ಯಾರೂ ತಾವಾಗಿ ಏಳುವಂತಿಲ್ಲ. ಸೈರನ್ ಕೇಳಿ ಓಡಿದವರೇ ಹೆಚ್ಚು ಸತ್ತಿದ್ದಾರೆ, ಆದ್ದರಿಂದ ಅವನೇ ಬಂದು ಹೆಸರು ಹಿಡಿದು ಕರೆಯಬೇಕು. ಕಳೆದ ವರ್ಷ ಒಂದು ದಿನ ರಾಜಮಹ್ಮದ ಮರೆತು ಬಂದ ಬುತ್ತಿ ಹೊತ್ತು ಅವರ ಹೆಂಡತಿ ಮಾಬುಬಿ ಕ್ವಾರಿಗೆ ಬಂದರು. ರಾಜಮಹ್ಮದ ಆಕೆಯನ್ನು ನೀರು ನಿಂತ ಹಳೆಯ ಕುಣಿಯ ನೆರಳಿನಲ್ಲಿ ಕೂಡಿಸಿ, ಕರೆಯುತ್ತೇನೆ ಎಂದು ಹೋದರು. ಅಂದಿನ ಸಿಡಿತ ಆ ಕುಣಿಯ ಪಕ್ಕದಲ್ಲೇ ಇತ್ತು. ಸೈರನ್ ಕೂಗಿತು. ಮಾಬುಬಿ ಏಳಲಿಲ್ಲ.

"ಕರೀತಾರಂತ ಕುಂತೆ," ಎನ್ನುತ್ತಾರೆ ಮಾಬುಬಿ. "ಮದ್ದು ಹಾರಿ ಬುತ್ತಿ ಡಬ್ಬಿ ಚಪ್ಪಟಿ ಆತು. ಡಬ್ಬಿ ನನ್ನ ಮಗ್ಗಲದಾಗ ಇತ್ರಿ."

ಮೈಮೇಲೆ ಕಲ್ಲಿನ ಧೂಳು ಹೊತ್ತು ಆಕೆ ಮೇಲೆ ಬಂದಾಗ, ಯಾವಾಗ ಬಂದೆ ಎಂದು ಗಂಡ ಕೇಳಿದ್ದರು.

ಸಿಡಿಮದ್ದಿನ ಬಟನ್ ಒತ್ತುವ ಪ್ರಭುಲಿಂಗ ಅಂದೇ ಹೇಳಿಬಿಟ್ಟ: ಈ ಮನುಷ್ಯನ ಬಾವುಟ ನಂಬಿ ಇನ್ನು ಒತ್ತುವುದಿಲ್ಲ. ಮಾಲೀಕರು ಮನೆಗೆ ಕಳಿಸಲು ಸಿದ್ಧರಾದರು. ಮಾಬುಬಿ ಒಂದು ವಾರದ ಗಡುವು ಕೇಳಿ, ಗಂಡನಿಗೆ ನೆನಪಿಸುವ ಸಾಧನವೊಂದನ್ನು ಹುಡುಕಿ ಇಳಕಲ್ಲಿನ ಹಳೆ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯ ಅರ್ಷದ ಮೊದಲು ಫೋನು ತೋರಿಸಿದ. ಅದು ಆಗದು. ಮದ್ದಿಗೆ ಜೋಡಿಸಿದ ತಂತಿಗಳು ಫೋನಿನ ತರಂಗಕ್ಕೂ ಎಚ್ಚೆತ್ತಾವು ಎಂಬ ಭಯಕ್ಕೆ ಗೇಟಿನೊಳಗೆ ನಿಸ್ತಂತು ಸಾಧನ ಯಾವುದೂ ಹೋಗುವುದಿಲ್ಲ. ಚೀಟಿ ಬರೆದುಕೊಡಬಹುದಿತ್ತಲ್ಲ ಎಂದರೆ ಮಾಬುಬಿ ತಲೆಯಾಡಿಸುತ್ತಾರೆ: "ಚೀಟಿ ಕಿಸೆದಾಗ ಸುಮ್ನ ಬಿದ್ದಿರತೈತಿ. ಕರಿಯೂದು ಬೇಕಿತ್ರಿ." ಅರ್ಷದ ಪೆಟ್ಟಿಗೆಯೊಂದರ ತಳದಿಂದ ಅಂಗೈಯಗಲದ ಹಳೆ ಡಿಜಿಟಲ್ ಡೈರಿ ತೆಗೆದ. ಬರೆದಿಟ್ಟದ್ದನ್ನು ಹೊತ್ತಿಗೆ ಸರಿಯಾಗಿ ಕೂಗಿ ಪರದೆಯಲ್ಲಿ ತೋರಿಸುವುದಷ್ಟೇ ಅದರ ಕೆಲಸ.

ಕ್ವಾರಿಯ ಗೇಟು ಕಾಯುವ ರಂಗವ್ವ ಅದನ್ನು ಕಂಡದ್ದೇ ಕಸಿದುಕೊಂಡರು. ಕೈಗಡಿಯಾರ, ಕಿವಿಗೆ ಸಿಕ್ಕಿಸುವ ಗುಂಡಿ, ಮಗುವಿಗೆಂದು ಕೊಂಡ ಹಾಡುವ ಗೊಂಬೆ, ಯಾವುದನ್ನೂ ಅವರು ಬಿಟ್ಟವರಲ್ಲ. ಮಾಲೀಕರು ಕರೆಸಿದ ತಂತ್ರಜ್ಞ ಕಲ್ಲಿನ ಮೇಲೆ ಅದರ ಬೆನ್ನು ಬಿಚ್ಚಿ, ಸಿಮ್ ಇಲ್ಲ, ಆಂಟೆನಾ ಇಲ್ಲ, ಇದು ಹೊರಗಿನ ಯಾರೊಂದಿಗೂ ಮಾತಾಡಲಾರದು ಎಂದ. ಇಂಥದ್ದೂ ಒಂದಿದೆಯೇ ಎಂದು ಎಲ್ಲರೂ ಬೆರಗಾಗಿ ನಿಂತರು. ರಂಗವ್ವ ಅದನ್ನು ತಿರುಗಿಸಿ ನೋಡಿದರು. "ಯಾರ ಜೋಡಿನೂ ಮಾತಾಡಂಗಿಲ್ಲ? ಹೊತ್ತಿಗೆ ಸರಿಯಾಗಿ ಬರೇ ಒದರತೈತಿ? ಥೇಟ್ ನನ್ನ ಗಂಡ ಇದು. ಹೋಗ್ಲಿ ಒಳಗ."

ಪ್ರಭುಲಿಂಗ ಒಂದು ಷರತ್ತು ಹಾಕಿದ. ರಾಜಮಹ್ಮದ ನೋಡಿ ಬರಬೇಕೆಂದು ಡೈರಿಯಲ್ಲಿ ಬರೆದಿಟ್ಟ ಎಲ್ಲ ಜಾಗಗಳ ಮುಂದೆ, ನೋಡಿಯಾಯಿತು ಎಂಬ ಗುರುತು ಬಿದ್ದದ್ದನ್ನು ತಾನೇ ನೋಡುವವರೆಗೆ ಬಟನ್ ಮುಟ್ಟುವುದಿಲ್ಲ. ಇಂದಿಗೂ ಹಾಗೆಯೇ ನಡೆದಿದೆ.

ಬಿಸಿಲು ಏರುತ್ತಿದೆ. ಕುರಿಗಾರರ ದಾರಿ ಖಾಲಿ, ಹಳೆಯ ಕುಣಿ ಖಾಲಿ. ಯಂತ್ರ ಕೊನೆಯ ಬಾರಿ ಕೂಗುತ್ತದೆ. ಅದಕ್ಕೆ ಕನ್ನಡ ಬಾರದು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುವುದು ಜಾಗದ ಹೆಸರಲ್ಲ. ಮಾಬುಬಿ. ರಾಜಮಹ್ಮದ ಅಂಚಿಗೆ ಬಂದು ಕೆಳಗಿನ ಗೇಟಿನತ್ತ ನೋಡುತ್ತಾರೆ. ಅಲ್ಲಿ, ಬೇಲಿಯ ಆಚೆ ದೂರದಲ್ಲಿ, ರಂಗವ್ವ ಫೋನು ಕಿವಿಗಿಟ್ಟಿದ್ದಾರೆ. ಮನೆಯಲ್ಲೇ ಇದ್ದೇನೆ ಎಂದು ಮಾಬುಬಿ 'ಹೂಂ' ಅಂದ ಮೇಲೆ ಅವರು ಎರಡೂ ಕೈ ಮೇಲೆತ್ತುತ್ತಾರೆ.

ಕೆಲವು ದಿನ ರಾಜಮಹ್ಮದ ಅಷ್ಟಕ್ಕೆ ಬಿಡುವುದಿಲ್ಲ. ಹೆಂಡತಿಯ ಹೆಸರು ಇದರಲ್ಲಿ ಯಾಕಿದೆ ಎಂದು ಕೇಳುತ್ತಾರೆ. ಇಂದೂ ಕೇಳಿದರು. ಪ್ರಭುಲಿಂಗ ಬುತ್ತಿ ಡಬ್ಬಿಯ ಕಥೆಯನ್ನು ಮೊದಲಿನಿಂದ ಹೇಳಿದ. ಕೇಳಿ ಮುಗಿಸಿದ್ದೇ ಅವರು ಹಳೆಯ ಕುಣಿಗೆ ಮತ್ತೆ ಹೋಗಿ ಇಣುಕಿ ಬಂದರು. ಅವರಿಗೆ ಅದು ಹೋದ ವರ್ಷ ನಡೆದದ್ದಲ್ಲ, ಈಗ ನಡೆಯುತ್ತಿರುವುದು. ಎಷ್ಟು ಸಲ ಕೇಳಿದರೂ ಮೊದಲ ಸಲವೇ.

ಹಸಿರು ಬಾವುಟ ಬಿಚ್ಚುವ ಮುನ್ನ ಅವರು ಮೆಲ್ಲಗೆ ಕೇಳುತ್ತಾರೆ: "ಆಕಿಗೆ ಆ ದಿನ ಇನ್ನೂ ನೆನಪೈತೇನ್ರಿ?"

ಇದೆ ಎನ್ನುತ್ತೇವೆ.

"ನನ್ನ ಕಡೆ ಮರವು ಭಾಳ ಐತಿ. ಅದರಾಗ ಒಂದೀಟು ಆಕಿಗೆ ಕೊಡಾಕ ಬರೂವಂಗಿದ್ರ ಸಾಕಿತ್ತು."