ಭಾವ ಹಾಕಿಸಿದ ಅಗಲ ಚಕ್ರಗಳು

ತಪ್ಪು ನನ್ನದಲ್ಲ ಎಂದು ಆವತ್ತೇ ಹೇಳಿದ್ದೆ. ಎಂಬತ್ತರ ಹತ್ತಿರ ಬಂದಿರುವ ಈಗಲೂ ಅದನ್ನೇ ಹೇಳುತ್ತೇನೆ. ಆ ಕಾರು ರಾಗಿ ಹೊಲಕ್ಕೆ ಇಳಿದದ್ದು ನನ್ನ ಕೈಯಿಂದಲ್ಲ, ಅದರ ಹಿಂದಿನ ಚಕ್ರಗಳ ಅಗಲದಿಂದ.

ಎಂಬತ್ತರ ದಶಕದ ನಡುವಿನ ಮಾತು. ಮನೆ ಕೋಲಾರದಲ್ಲಿ. ನಾನು ಶ್ರೀನಿವಾಸಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಬೆಳಗಿನ ಬಸ್ಸಿನಿಂದ ಸೀರೆಯ ನೆರಿಗೆ ಉಳಿಸಿಕೊಂಡು ಇಳಿಯುವುದೇ ಒಂದು ಅಚೀವ್‌ಮೆಂಟ್. ಹೆಸರು ಬರೆಸಿ ತಿಂಗಳುಗಟ್ಟಲೆ ಕಾದ ಮೇಲೆ ನಮಗೊಂದು ಪುಟ್ಟ ಬಿಳಿ ಕಾರು ಬಂತು. ಬೇರೆ ಡಿಕ್ಕಿ ಇಲ್ಲ, ಹಿಂದಿನ ಗಾಜಿನ ಬಾಗಿಲನ್ನೇ ಮೇಲಕ್ಕೆ ಎತ್ತಬೇಕು. ನನ್ನ ಯಜಮಾನರು ಗೇರ್ ಮುಟ್ಟಿದರೆ ಬೆವರುವ ಮನುಷ್ಯ. ನಾನೋ, ಎಪ್ಪತ್ತರ ದಶಕದಲ್ಲೇ ಮಾಲೂರಿನ ತವರುಮನೆಯಲ್ಲಿ ಅಪ್ಪನ ಹಳೆಯ ಭಾರಿ ಕಾರನ್ನು ಓಡಿಸಿ ಕಲಿತವಳು. ಹಾಗಾಗಿ ಕೀ ನನ್ನ ಹ್ಯಾಂಡ್‌ಬ್ಯಾಗಿಗೆ ಬಂತು.

ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಮುಳಬಾಗಿಲಿನ ಹತ್ತಿರ ಆವನಿಯಲ್ಲಿ ಬೇಸಾಯಗಾರರು. ಆ ಸುತ್ತಿನಲ್ಲಿ ಮೊದಲು ಟ್ರಾಕ್ಟರ್ ತಂದವರು ತಾವೇ ಎಂಬ ಹೆಮ್ಮೆ ಅವರಿಗೆ. ಕಾರು ನೋಡಲು ಬಂದವರು ಕೂತು ಕಾಫಿ ಕುಡಿಯುವ ಮೊದಲೇ ಬಗ್ಗಿ ಚಕ್ರ ನೋಡಿದರು.

"ಇದೇನಮ್ಮಾ, ಮಕ್ಳ ಸೈಕಲ್ ಚಕ್ರ ಇದ್ದಂಗವೆ? ರೋಡ್ ಮೇಲೆ ನಿಂತ್ಕೊಳ್ತದಾ ಇದು?"

ಮಾರನೆಯ ದಿನವೇ ಕೋಲಾರದ ಮೆಕ್ಯಾನಿಕ್‌ನನ್ನು ಹಿಡಿದು ಎರಡು ರಿಮ್ ಸೀಳಿಸಿ, ನಡುವೆ ಕಬ್ಬಿಣದ ಪಟ್ಟಿ ಬೆಸೆಸಿ, ದಪ್ಪ ಟೈರು ತೊಡಿಸಿ ತಂದರು. ಎರಡನ್ನೂ ಹಿಂದಕ್ಕೇ ಹಾಕಿಸಿದರು. ಟ್ರಾಕ್ಟರಿನಲ್ಲಿ ದೊಡ್ಡ ಚಕ್ರ ಹಿಂದೆ ತಾನೇ ಇರುವುದು! ಪ್ರೀತಿಯಿಂದ ಕೊಟ್ಟದ್ದು, ಸುಳ್ಳು ಹೇಳಬಾರದು. ನಾನೂ ಥ್ಯಾಂಕ್ಸ್ ಹೇಳಿದೆ. ಆದರೆ ಹಿಂದಿನಿಂದ ನೋಡಿದರೆ ಕಾರು ಅಮ್ಮನ ಚಪ್ಪಲಿ ಮೆಟ್ಟಿಕೊಂಡ ಮಗುವಿನ ಹಾಗೆ ಕಾಣುತ್ತಿತ್ತು.

ಹತ್ತು ದಿನ ಕಳೆಯಿತು. ತುಂತುರು ಮಳೆಯ ಒಂದು ಬೆಳಿಗ್ಗೆ ಯಲ್ದೂರಿನ ಹತ್ತಿರದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ. ನನ್ನ ಕೈ ತಿರುಗಿತು, ಮುಂದಿನ ಚಕ್ರಗಳೂ ತಿರುಗಿದವು. ಕಾರು ಮಾತ್ರ ತಿರುಗಲಿಲ್ಲ. ನೇರವಾಗಿ ಹೋಗಿ ಮೊಣಕಾಲೆತ್ತರದ ರಾಗಿಯೊಳಗೆ ನಿಂತಿತು. ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ತೆಲುಗಿನಲ್ಲಿ, "ಏಮ್ಮಾ, ರೋಡು ಚಾಲಲೇದಾ?" ಎಂದಳು. ರಸ್ತೆ ಸಾಲಲಿಲ್ಲವೇ ಎಂದು! ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಕೆಸರಿಗೆ ಇಳಿದೆ.

ಯಾರಿಗೂ ಏಟಾಗಲಿಲ್ಲ. ಆದರೆ ಸಂಜೆ ಭಾವ ಬಂದು ಕೀ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ಸಾಕು ಬಿಡಮ್ಮಾ. ಡ್ರೈವರ್‌ನ ಇಡಣ, ಇಲ್ಲಾಂದ್ರೆ ನೀನು ಬಸ್ಸಲ್ಲೇ ಹೋಗು. ಇದೆಲ್ಲ ಹೆಂಗಸ್ರ ಕೆಲ್ಸ ಅಲ್ಲ."

"ಬಿಡೇ, ಅಣ್ಣ ಹೇಳ್ತಾ ಇಲ್ವಾ?" ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

ನಾನು ಬಿಡಲಿಲ್ಲ. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ಆವರೆಗೆ ಮನೆಯಲ್ಲಿ ಯಾರೂ ಅದನ್ನು ಬಿಚ್ಚಿರಲಿಲ್ಲ. ಈ ಕಾರಿನಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಎಳೆಯುವುದೂ ಅವೇ, ದಾರಿ ತಿರುಗಿಸುವುದೂ ಅವೇ. ದುಡಿಯುವ ಎರಡನ್ನು ಸಣ್ಣದಾಗಿಯೇ ಬಿಟ್ಟು, ಹಿಂದೆ ಸುಮ್ಮನೆ ಉರುಳುವ ಎರಡಕ್ಕೆ ಗಟ್ಟಿ ಹಿಡಿತ ಕೊಟ್ಟಿದ್ದೆವು. ಹಿಂಭಾಗ ನೆಲ ಕಚ್ಚಿಕೊಂಡು ಕೂತರೆ ಮೂತಿ ಹೇಗೆ ತಿರುಗೀತು?

"ಭಾವಾ, ಗಾಡಿ ಎಳೆಯೋ ಎತ್ತಿಗೆ ಲಾಳ ಹೊಡೀದೆ, ಗಾಡಿ ಹಿಂದೆ ಕಟ್ಟಿರೋ ಹಸುಗೆ ಹೊಡೆದಂಗಾಯ್ತು ಇದು," ಎಂದೆ.

"ಪುಸ್ತಕ ಓದಿ ಗಾಡಿ ಓಡ್ಸೋಕಾಗ್ತದಾ?"

"ನೀವೇ ಓಡ್ಸಿ ನೋಡಿ. ಭಾನುವಾರ. ನಂದೇ ತಪ್ಪು ಅಂತಾದ್ರೆ ಕೀ ನಿಮ್ಮತ್ರಾನೇ ಇರ್ಲಿ."

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಭಾವನಿಗೆ ಎದುರು ನಿಂತು ಹೇಳಿದ ಮೊದಲ ಮಾತು ಅದು. ಪೇಪರ್ ಕೆಳಗಿಳಿಯಿತು.

ಕ್ಯಾಲನೂರಿನ ಕಡೆ ಒಂದು ಕೆರೆಗೆ ಆ ವರ್ಷ ನೀರೇ ಬಂದಿರಲಿಲ್ಲ. ಸ್ಕೂಲಿನ ಆಟದ ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿಯಿಂದ ಕೆರೆಯಂಗಳದಲ್ಲಿ ದೊಡ್ಡ ವೃತ್ತ ಹಾಕಿದೆ. ಮೆಕ್ಯಾನಿಕ್ ಪಕ್ಕದ ಸೀಟಿನಲ್ಲಿ ಕೂತು ಸ್ಪೀಡಾಮೀಟರ್ ನೋಡಿ ಕೂಗಿ ಹೇಳಬೇಕು; ಯಾರು ಓಡಿಸಿದರೂ ಇಪ್ಪತ್ತೈದು. ಮೊದಲು ಭಾವ. ಅರ್ಧ ಸುತ್ತೂ ಆಗಿರಲಿಲ್ಲ, ಕಾರು ಗೆರೆ ಬಿಟ್ಟು ಜಾಲಿಗಿಡಗಳ ಕಡೆ ಹೊರಟಿತು.

"ಲೇ, ತಿರುಗ್ತಾ ಇಲ್ವಲ್ಲೋ ಇದು!"

"ಸಾಬ್, ನಿಮ್ಮ ಕೈಯೇನೋ ತಿರುಗಿದೆ," ಎಂದ ಮೆಕ್ಯಾನಿಕ್, ನಗು ತಡೆಯಲಾರದೆ. ಭಾವ ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಜಾಲಿಗಿಡ.

ಆಮೇಲೆ ಹಿಂದಿನ ಚಕ್ರಗಳನ್ನು ಬಿಚ್ಚಿಸಿ ಹಳೆಯ ಸಣ್ಣವನ್ನೇ ಹಾಕಿಸಿ, ಸೆರಗು ಸಿಕ್ಕಿಸಿಕೊಂಡು ನಾನು ಕೂತೆ. ಅದೇ ಇಪ್ಪತ್ತೈದು. ಸುಣ್ಣದ ಗೆರೆಯ ಮೇಲೆಯೇ ಎರಡು ಸುತ್ತು ಬಂದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಭಾವ ಸೋಲುವವರಲ್ಲ. "ಹಂಗಾದ್ರೆ ನಾಲ್ಕಕ್ಕೂ ಅಗಲದ್ದೇ ಹಾಕ್ಸಣ," ಎಂದರು. ಫೇರ್ ಇನಫ್, ಅದನ್ನೂ ನೋಡೋಣ ಎಂದೆ. ಒಂದು ವಾರ ಭಾವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದೆ. ಡಾಂಬರು ರಸ್ತೆಯ ಮೇಲೆ ಚೆನ್ನಾಗಿ ಅಂಟಿಕೊಂಡು ಹೋಗುತ್ತಿತ್ತು, ಇಲ್ಲ ಎನ್ನಲಾರೆ. ಆದರೆ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಕರಕರ ಉಜ್ಜುತ್ತಿತ್ತು. ಸಂಜೆಯ ಹೊತ್ತಿಗೆ ನನ್ನ ತೋಳು ರಾಗಿ ಬೀಸಿದ ತೋಳಾಗಿರುತ್ತಿತ್ತು. ಮಣ್ಣು ರಸ್ತೆಗೆ ಇಳಿದರಂತೂ, ಎತ್ತಿನ ಗಾಡಿಯ ಜಾಡು ಕರೆದ ಕಡೆಗೇ ಸ್ಟೀರಿಂಗ್ ಎಳೆಯುತ್ತಿತ್ತು.

"ಇನ್ನೂ ಅಗಲ ಮಾಡ್ಲಾ ಮೇಡಂ?" ಎಂದು ಮೆಕ್ಯಾನಿಕ್ ಕೇಳಿದ.

"ಬಳೆ ತೊಡಿಸ್ಕೊಳ್ಳೋವಾಗ ಕೈ ಅಳತೆ ಕೇಳ್ತೀವೋ, ದೊಡ್ಡದಾದಷ್ಟೂ ಒಳ್ಳೇದು ಅಂತೀವೋ? ಕಂಪನಿ ಕೊಟ್ಟ ರಿಮ್ಮಿನ ಅಗಲದ ಮೇಲೆ ಅರ್ಧ ಇಂಚು, ಅಷ್ಟೇ. ನಾಲ್ಕೂ ಒಂದೇ ಸಮ. ಟೈರು ಮೊದಲಿನ ಸಣ್ಣದೇ."

ಅರ್ಧ ಇಂಚಿಗೆ ಇಷ್ಟು ರಂಪವೇ ಎಂದು ಅವನು ಗೊಣಗಿದ. ಆದರೆ ಮಾಡಿಕೊಟ್ಟ. ಟೈರಿನ ಪಕ್ಕೆಗಳು ತಿರುವಿನಲ್ಲಿ ಮೊದಲಿನಂತೆ ಹೊರಳದೆ ನೆಟ್ಟಗೆ ನಿಂತವು. ಸ್ಟೀರಿಂಗ್ ಎರಡು ಬೆರಳಿನ ಮಾತು ಕೇಳಿತು. ಈಗ ಮಂಡಿ ಕ್ಲಚ್ ಒತ್ತಲು ಒಪ್ಪುವುದಿಲ್ಲ, ಆದರೂ ಆ ಹಗುರ ನನ್ನ ಬೆರಳುಗಳಿಗೆ ಇನ್ನೂ ನೆನಪಿದೆ.

ಭಾವ ಸಾರಿ ಹೇಳಲಿಲ್ಲ. ಆ ತಲೆಮಾರಿನ ಗಂಡಸರ ಡಿಕ್ಷನರಿಯಲ್ಲಿ ಆ ಪದ ಇರಲಿಲ್ಲ. ಪ್ರತಿ ಸಲ ಓಡಿಸಿದ ಮೇಲೆ ತಮ್ಮ ಜೇಬಿಗೇ ಸೇರಿಸುತ್ತಿದ್ದ ಕೀಯನ್ನು ಒಂದು ಬೆಳಿಗ್ಗೆ ನನ್ನ ಕಾಫಿ ಲೋಟದ ಪಕ್ಕ ಇಟ್ಟು, "ಮುಳಬಾಗಿಲಿಗೆ ಹೋಗ್ಬೇಕಿತ್ತು, ಬಿಡ್ತೀಯೇನಮ್ಮಾ?" ಎಂದರು. ದಾರಿಯುದ್ದಕ್ಕೂ ಒಂದೊಂದು ತಿರುವಿನಲ್ಲೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಬ್ರೇಕ್ ಈ ಕಡೆ ಇದೆ, ಭಾವಾ," ಎಂದೆ. ಕಾಲು ಹಿಂದಕ್ಕೆ ಎಳೆದುಕೊಂಡರು.