ಅರ್ಥಿಂಗ್ ಗುಂಡಿಗೆ ಸುರಿದ ನೀರು

ನನ್ನ ಯಜಮಾನರು ನನ್ನ ತವರುಮನೆಗೆ ಎರಡು ಸಲ ಕರೆಂಟು ಕೊಟ್ಟರು. ನಡುವೆ ಒಂದು ಸಲ ತಾವೇ ಕಿತ್ತರು.

ಮೊದಲ ಸಲ ಕೊಟ್ಟದ್ದು ನಮ್ಮ ಮದುವೆಯಾದ ವರ್ಷ. ಆಗಷ್ಟೇ ಅವರಿಗೆ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಸಿಕ್ಕಿತ್ತು. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ನಮ್ಮ ಊರಿಗೆ ಹೊಸ ಅಳಿಯನಾಗಿ ಬಂದವರು, ಹೋಳಿಗೆ ಊಟ ಮುಗಿಸಿ, ಅಂಗಿ ಕಳಚಿಟ್ಟು ಗೋಡೆಗೆ ವೈರಿಂಗ್ ಪಟ್ಟಿ ಹೊಡೆಯಲು ನಿಂತರು. ದೇವರ ಜಗುಲಿಯ ಮೇಲೆ ಒಂದು ಬಲ್ಬು ಹಾಕಿದರು. ಅಂದಿನಿಂದ ನಮ್ಮವ್ವ ಮುಚ್ಚಂಜೆ ಗುಂಡಿ ಒತ್ತಿ, ಮೊದಲು ಎಣ್ಣೆದೀಪಕ್ಕೆ, ಆಮೇಲೆ ಆ ಬಲ್ಬಿಗೆ ಕೈಮುಗಿಯುತ್ತಿದ್ದಳು. "ಬೆಳಕು ಬೆಳಕಽ ಅಲ್ಲೇನ ಬೇ, ಅದರಾಗೇನ ಎಣ್ಣಿದು, ತಂತೀದು?" ಅನ್ನುತ್ತಿದ್ದಳು. ಬಿಳಿ ಬಲ್ಬಿಗೂ ಒಂದು ಬೆರಳು ವಿಭೂತಿ ಹಚ್ಚುತ್ತಿದ್ದಳು.

ನಾವಿದ್ದದ್ದು ಬನಹಟ್ಟಿಯಲ್ಲಿ. ಪಾವರ್‌ಲೂಮಿನ ಊರು. ಅಲ್ಲಿ ಮಗ್ಗದ ಖಟಖಟ ನಿಂತರೆ ಮಕ್ಕಳು ನಿದ್ದೆಯಿಂದ ಎಚ್ಚರಾಗುತ್ತವೆ. ಯಾರೇ ಹೊಸ ಶೆಡ್ಡು ಹಾಕಲಿ, ವೈರಿಂಗ್ ಮಾಡಿ, ಕರೆಂಟ್ ಆಫೀಸಿಗೆ ಕಾಗದ ಕೊಟ್ಟು, ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರರನ್ನು ಕರೆತಂದು ತೋರಿಸಿ, ಮೀಟರ್ ಕೂಡಿಸುವವರೆಗೆ ಎಲ್ಲ ಇವರದೇ ಓಡಾಟ. "ಮಗಳ ಲಗ್ನಾ ಮಾಡೂದು ಹಗರ, ಮೀಟರ್ ಕೂಡಸೂದು ಜಡ" ಎಂದು ನಗುತ್ತಿದ್ದರು. ಆದರೆ ಒಪ್ಪಿಗೆ ಬರುವ ಮೊದಲು ಒಂದು ತಂತಿಯನ್ನೂ ಜೋಡಿಸುತ್ತಿರಲಿಲ್ಲ. ಶೆಡ್ಡಿನವರು ಐನೋರನ್ನು ಕೇಳಿ ಮುಹೂರ್ತ ಇಟ್ಟುಕೊಂಡು ಕೂತಿದ್ದರೂ ಇಲ್ಲ.

ಅದಕ್ಕೆ ಕಾರಣ ಇತ್ತು. ನಮ್ಮ ಓಣಿಯ ಲೈನ್‌ಮನ್ ಒಬ್ಬ ಇದ್ದ. ಬೇಸಿಗೆಯಲ್ಲಿ ನಮ್ಮ ಕಟ್ಟೆಗೆ ಕೂತು ಮಜ್ಜಿಗೆ ಕುಡಿದು ಹೋಗುತ್ತಿದ್ದ. ಒಂದು ದಿನ ಮೇನ್ ಲೈನು ಬಂದ್ ಮಾಡಿಸಿಕೊಂಡೇ ಕಂಬ ಏರಿದ್ದ. ಯಾರೋ ಬೇರೆ ಲೈನಿನಿಂದ ಕಳ್ಳ ಕೊಕ್ಕೆ ಹಾಕಿಕೊಂಡಿದ್ದರು. ಸತ್ತ ತಂತಿಗೆ ಆ ಕಡೆಯಿಂದ ಜೀವ ಬಂದಿತ್ತು. ಅವನನ್ನು ಕಂಬದಿಂದ ಇಳಿಸಿದವರಲ್ಲಿ ಇವರೂ ಒಬ್ಬರು. ಮನೆಗೆ ಬಂದು ಕೈ ತೊಳೆದರು, ಮತ್ತೆ ತೊಳೆದರು. ಅಂದಿನಿಂದ 'ಕೊಕ್ಕೆ' ಎಂಬ ಮಾತನ್ನು ಅವರ ಮುಂದೆ ಯಾರೂ ಎತ್ತುವಂತಿರಲಿಲ್ಲ.

ಮುಂದೆ ಆಲಮಟ್ಟಿಯ ಹಿನ್ನೀರು ಬರುವ ಕಾಲ ಬಂತು. ನಮ್ಮ ಊರು ಮುಳುಗುವ ಊರುಗಳಲ್ಲಿ ಸೇರಿತ್ತು. ಮೇಲೆ ಮಡ್ಡಿಯಲ್ಲಿ, ಕಲ್ಲು ನೆಲದಲ್ಲಿ ಎಲ್ಲರಿಗೂ ಪ್ಲಾಟು ಹಂಚಿದರು. ಹೊಸ ಊರಿಗೆ ಕಂಬ ನೆಟ್ಟು, ಲೈನ್ ಎಳೆದು, ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಕೂಡಿಸುವ ಕೆಲಸ ನಮ್ಮವರಿಗೇ ಸಿಕ್ಕಿತು. ಅದರ ಜೊತೆಗೇ ಹಳೆ ಊರಿನ ಲೈನ್ ಬಿಚ್ಚುವ ಕೆಲಸವೂ. ನನಗೆ ಖುಷಿಯಾಯಿತು. ಬಿಚ್ಚುವುದಂತೂ ಯಾರಾದರೂ ಬಿಚ್ಚಲೇಬೇಕು. ಕಟ್ಟುವುದಾದರೂ ನಮ್ಮವರ ಕೈಯಿಂದ ಆಗುತ್ತದಲ್ಲ, ಶಿವ ದೊಡ್ಡವನು ಅಂದುಕೊಂಡೆ.

ಅಷ್ಟು ಹೊತ್ತಿಗೆ ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ಅವ್ವ ನನ್ನ ತಮ್ಮನ ಜೊತೆ ಇದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಆಪರೇಶನ್ ಹೊಸಾ ಮನಿಗೆ ಹೋದ ಮ್ಯಾಲ. ಇಲ್ಲಿ ನನಗ ಕಣ್ಣ ಯಾಕ ಬೇಕು?" ಅನ್ನುತ್ತಿದ್ದಳು. ಅದು ಖರೆಯೇ. ಆ ಮನೆಯ ಪ್ರತಿ ಕಂಬ, ಪ್ರತಿ ಮೆಟ್ಟಿಲು ಅವಳ ಕಾಲಿಗೆ ಗೊತ್ತಿತ್ತು.

ಅವ್ವ ಅಳಿಯನಲ್ಲಿ ಒಂದೇ ಒಂದು ಬೇಡಿಕೆ ಇಟ್ಟಳು. "ಅಳ್ಯಾರ, ಅಲ್ಲಿ ದೀಪಾ ಹತ್ತಿದ ಮ್ಯಾಲ ಇಲ್ಲೀದು ಆರಸ್ರಿ. ನಡುವ ಕತ್ತಲಿ ಆಗಬಾರದು."

"ಹಂಗಽ ಮಾಡ್ತೇನ್ರಿ ಅತ್ತಿ" ಅಂದರು ಇವರು. ಸುಳ್ಳು ಹೇಳಲಿಲ್ಲ. ಆಗುತ್ತದೆ ಎಂದೇ ನಂಬಿದ್ದರು.

ಹೊಸ ಊರಿನ ಕೆಲಸ ಮುಗಿಯಿತು. ಇನ್‌ಸ್ಪೆಕ್ಟರರು ಬಂದು, ಟೀಸಿ ನೋಡಿ ಒಪ್ಪಿಗೆ ಬರೆದರೆ ಲೈನ್ ಚಾರ್ಜ್ ಆಗಿ ಕರೆಂಟು ಹರಿಯಬೇಕು. ಅವರು ಬಂದರು ಕೂಡ. ಟೀಸಿಯ ಬುಡದಲ್ಲಿ ಅರ್ಥಿಂಗ್ ಗುಂಡಿ ಇರುತ್ತದೆ. ಉಪ್ಪು, ಇದ್ದಿಲು ತುಂಬಿ ಅದರೊಳಗೆ ಕೊಳವೆ ಇಳಿಸಿರುತ್ತಾರೆ. ದಾರಿ ತಪ್ಪಿದ ಕರೆಂಟು ಮನುಷ್ಯರ ಮೈಮೇಲೆ ಬಾರದೆ ಅದರ ಮೂಲಕ ಭೂಮಿಗೆ ಇಳಿಯಬೇಕು. ಅದಕ್ಕೆ ಮಣ್ಣು ತೇವವಾಗಿರಬೇಕು. ಇನ್‌ಸ್ಪೆಕ್ಟರರು ಯಂತ್ರ ಹಚ್ಚಿ ನೋಡಿ ತಲೆ ಅಲ್ಲಾಡಿಸಿದರು.

"ಭೂಮಿ ಬಾಯಿ ಒಣಗೇತ್ರಿ. ಹಿಂಗ ಪಾಸ್ ಮಾಡಾಕ ಬರೂದಿಲ್ಲ. ನೀರ ಹಾಕಸ್ರಿ, ಮತ್ತ ಬರ್ತೇನಿ."

ನೀರು ಎಲ್ಲಿಂದ ಹಾಕಿಸುವುದು? ಬೋರು ಕೊರೆದಿದ್ದರು, ಪಂಪು ಇಳಿಸಿದ್ದರು; ಅದು ತಿರುಗಲು ಕರೆಂಟು ಬೇಕು. ಕರೆಂಟು ಬರಲು ಗುಂಡಿಗೆ ನೀರು ಬೇಕು. ಅಲ್ಲಿಯವರೆಗೆ ಕುಡಿಯಲು ಟ್ಯಾಂಕರ್ ನೀರೇ ಗತಿ, ಅದೂ ಬಂದ ದಿನ ಬಂತು.

ಅಷ್ಟರಲ್ಲಿ ಕೆಳಗೆ ನೀರು ಏರಿತು. ಕಂಬದ ಬುಡಕ್ಕೆ ನೀರು ಮುಟ್ಟುವ ಮೊದಲು ಹಳೆ ಲೈನ್ ಬಿಚ್ಚಬೇಕೆಂದು ಆರ್ಡರ್ ಬಂತು. ನೀರಿನಲ್ಲಿ ತಂತಿ ಬಿಡುವ ಮಾತೇ ಇರಲಿಲ್ಲ. ಇವರು ಹೋಗಿ ತಾವೇ ಫ್ಯೂಜ್ ಕಿತ್ತರು. ಬೇರೆ ಯಾರ ಕೈಯಿಂದಲೂ ಮಾಡಿಸಲಿಲ್ಲ. ಅವ್ವ ಜಗುಲಿಯ ಮೇಲಿನ ಬಲ್ಬನ್ನು ತಮ್ಮನಿಂದ ಬಿಚ್ಚಿಸಿ, ಸೆರಗಿನಲ್ಲಿ ಸುತ್ತಿಕೊಂಡು, ಟ್ರ್ಯಾಕ್ಟರಿನಲ್ಲಿ ದೇವರ ಪೆಟ್ಟಿಗೆಯ ಪಕ್ಕ ಕೂತಳು. ದಾರಿಯುದ್ದಕ್ಕೂ ತಗ್ಗು ದಿನ್ನೆ. ಬಲ್ಬು ಒಡೆಯಲಿಲ್ಲ. ಅದೂ ಒಂದು ಕೃಪೆಯೆಂದೇ ನಾನು ಲೆಕ್ಕ ಹಿಡಿದಿದ್ದೇನೆ.

ಹೊಸ ಮನೆಯನ್ನು ತಮ್ಮ ಅವ್ವನಿಗಾಗಿ ಹಳೆಯದರ ಹಾಗೆಯೇ ಕಟ್ಟಿಸಿದ್ದ. ಒಳಗೆ ಹೋದ ಕೂಡಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅದಕ್ಕಿಂತ ಎದೆಮಟ್ಟ ಎತ್ತರಕ್ಕೆ ಪಡಸಾಲೆ, ಪಡಸಾಲೆಯ ಒಂದು ಮಗ್ಗುಲಿಗೆ ದೇವರ ಜಗುಲಿ. ಆದರೆ ಪ್ಲಾಟು ರಸ್ತೆಯ ಎದುರು ಬದಿಗೆ ಬಿದ್ದಿತ್ತು. ಬಾಗಿಲಿನ ದಿಕ್ಕು ಬದಲಾಯಿತು, ಅಡುಗೆಮನೆ ಮಾತ್ರ ಆಗ್ನೇಯ ಬಿಟ್ಟು ಕದಲಬಾರದು. ಹಾಗಾಗಿ ಎಡಕ್ಕಿದ್ದದ್ದೆಲ್ಲ ಬಲಕ್ಕೆ, ಬಲಕ್ಕಿದ್ದದ್ದೆಲ್ಲ ಎಡಕ್ಕೆ ಬಂತು. ಅವ್ವ ಗೋಡೆ ಸವರುತ್ತ ಸವರುತ್ತ ಅಡ್ಡಾಡಿ, "ಮನಿ ಅದಽ ಐತಿ, ಕನ್ನಡ್ಯಾಗ ನೋಡಿಧಂಗ ಐತಿ" ಅಂದಳು.

ಆ ವಾರ ನಾನು ಅಲ್ಲೇ ಇದ್ದೆ. ಗುಂಡಿಗೆ ನೀರು ಹಾಕಬೇಕೆಂಬ ಸುದ್ದಿ ಹೆಣ್ಣುಮಕ್ಕಳ ಕಿವಿಗೆ ಬಿತ್ತು. ಟ್ಯಾಂಕರ್ ಬಂದಾಗ ಎಲ್ಲರೂ ತಮ್ಮ ಪಾಲಿನಲ್ಲಿ ಒಂದೊಂದು ಕೊಡ ತೆಗೆದಿಟ್ಟು ಟೀಸಿಯ ಬುಡಕ್ಕೆ ಸಾಲುಗಟ್ಟಿದರು.

"ನಮ್ಮ ಹೊಲಾ ಮುಣಗಸಾಕ ಸಮುದ್ರಧಂತ ನೀರ ಅದಾವ, ಈ ತಗ್ಗಿಗೆ ಒಂದ ತಂಬಗಿ ಇಲ್ಲ ನೋಡವ್ವಾ" ಎಂದಳು ಒಬ್ಬಳು.

"ಸುಮ್ಮನ ಸುರುವು ಬೇ. ಗಂಗವ್ವಗ ಊರಽ ಕೊಟ್ಟೇವಿ, ಒಂದ ಕೊಡಾ ನೀರಿಗೆ ಯಾಕ ಅಳ್ತಿ?" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಅವ್ವ ಇಷ್ಟಲಿಂಗ ಪೂಜೆಯ ನೀರನ್ನು ತುಳಸಿಗೆ ಹಾಕುವವಳು, ತುಳಸಿಯ ಡಬ್ಬಿಯನ್ನು ದಾಟಿ ನನ್ನ ಕೈಹಿಡಿದು ಗುಂಡಿಯವರೆಗೆ ಬಂದು ಸುರಿದಳು. ಇವರು ದೂರ ನಿಂತು ನೋಡುತ್ತಿದ್ದರು. ಅವರ ಮುಖ ನೋಡಲಾಗಲಿಲ್ಲ.

ಅಂದು ಸಂಜೆ ಅವರಿಗೆ ನಾನೇ ಹೇಳಿದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೊಂದೇ ಸಲ. "ಏನ್ರೀ, ಮಗ್ಗಲ ಊರಿನ ಲೈನಿನಿಂದ ಒಂದ ಕೊಕ್ಕಿ ಹಾಕ್ರಿ. ಅವ್ವನ ಮನಿಗಷ್ಟ. ಆಕಿಗೆ ಕಣ್ಣ ಕಾಣೂದಿಲ್ಲ."

"ನಿಮ್ಮವ್ವನ ಮನಿಗಷ್ಟ ಹಾಕಿದ್ರ, ಉಳದವ್ರ ಮನ್ಯಾಗ ಅವ್ವಗೋಳ ಇಲ್ಲೇನು?" ಅಂದರು. "ನಾ ಹಾಕಿದ್ರ ಊರಽ ಹಾಕ್ತೈತಿ. ನಾಳೆ ಕಂಬಾ ಏರಾಂವ ಯಾರು?"

ಕಂಬದಿಂದ ಇಳಿಸಿದ ಆ ಲೈನ್‌ಮನ್ ನನಗೂ ನೆನಪಿದ್ದ.

ಇನ್‌ಸ್ಪೆಕ್ಟರರು ಮತ್ತೆ ಬಂದರು. ಅವರಿಗೂ ಹಲವು ತಾಲೂಕಿನ ಓಡಾಟ; ಹೇಳಿದ ದಿನಕ್ಕಿಂತ ತಡವಾಗಿ ಬಂದರು. ಈ ಸಲ ಯಂತ್ರ ಒಪ್ಪಿತು. ಅವರೂ ಒಪ್ಪಿ ಸಹಿ ಹಾಕಿದರು. ಇನ್ನು ಆ ಕಾಗದ ಅವರ ಆಫೀಸಿನಿಂದ ಕರೆಂಟ್ ಆಫೀಸಿಗೆ ಹೋಗಿ, ಅಲ್ಲಿಂದ ಚಾರ್ಜ್ ಮಾಡುವ ಆದೇಶ ಬರಬೇಕು. ಅಲ್ಲಿನ ಸಾಹೇಬರು ರಜೆಯ ಮೇಲಿದ್ದರು. ನಾನು ಬನಹಟ್ಟಿಗೆ ಮರಳಿದೆ. ಇಷ್ಟು ದಿನ ಆಯಿತು, ಇನ್ನೆರಡು ದಿನ ಅಂತ ಅವ್ವನಿಗೆ ಹೇಳಿ ಬಂದೆ.

ಮರುದಿನ ಎದುರಿನ ಶೆಡ್ಡಿಗೆ ಫೋನ್ ಬಂತು. ತಮ್ಮನ ದನಿ.

ಮುಚ್ಚಂಜೆಯಾಗಿತ್ತಂತೆ. ತಮ್ಮನ ಹೆಂಡತಿ ಅಂಗಳದಲ್ಲಿ ಕಂದೀಲಿಗೆ ಎಣ್ಣೆ ಹಾಕುತ್ತಿದ್ದಳು. ಅವ್ವನಿಗೆ ತಡೆಯಲಾಗಲಿಲ್ಲ, ದೀಪ ಹಚ್ಚುವ ಹೊತ್ತು ಮೀರಬಾರದು. ಕಡ್ಡಿಪೆಟ್ಟಿಗೆ ಹಿಡಿದು ಪಡಸಾಲೆಯಲ್ಲಿ ನಡೆದಳು. ಅಡುಗೆಮನೆಯ ಬಾಗಿಲು ದಾಟಿ ಬಲಕ್ಕೆ ಹೊರಳಿದಳು. ಹಳೆ ಮನೆಯಲ್ಲಿ ಬಲಕ್ಕೆ ದೇವರ ಜಗುಲಿ ಇತ್ತು. ಇಲ್ಲಿ ಬಲಕ್ಕೆ ಪಡಸಾಲೆಯೇ ಮುಗಿಯುತ್ತಿತ್ತು. ಕೆಳಗೆ ದನಕ್ಕೆ ಮೇವು ಹಾಕುವ ಗ್ವಾದಲಿಯ ಕಲ್ಲಿನ ಮೇಲೆ ಬಿದ್ದಳು.

ಬಾಗಲಕೋಟೆಗೆ ಒಯ್ದೆವು. ಟೊಂಕದ ಎಲುಬು ಮುರಿದಿತ್ತು. ಈ ವಯಸ್ಸಿಗೆ, ಈ ಎದೆಗೆ ಆಪರೇಶನ್ ತಡೆಯದು, ಮನೆಯಲ್ಲೇ ಮಲಗಿಸಿ ನೋಡಿಕೊಳ್ಳಿ ಎಂದರು ಡಾಕ್ಟರು. ಆಸ್ಪತ್ರೆಯ ಕಟ್ಟೆಯ ಮೇಲೆ ತಮ್ಮ, "ಮಾಮಾ, ಒಂದ ಕೊಕ್ಕಿ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ನಮ್ಮವರು ಆ ಮಾತು ಪೂರ್ತಿಯಾಗಲಿ ಎಂದು ಕಾಯುವವರ ಹಾಗೆ ನಿಂತೇ ಇದ್ದರು. ಅದು ಪೂರ್ತಿಯಾಗಲೇ ಇಲ್ಲ. ಆಗಿದ್ದರೆ ಅವರಿಗೆ ಒಂದಿಷ್ಟು ಹಗುರಾಗುತ್ತಿತ್ತೋ ಏನೋ.

ಅವ್ವನ ಕಿವಿಗೆ ಅದು ಹೇಗೋ ಬಿದ್ದಿತ್ತು. ತಮ್ಮನನ್ನು ಕರೆದು ಬೈದಳು. "ಅಳ್ಯಾರು ಏನ ಮಾಡ್ಯಾರ ಲೇ? ಮನಿ ಎಡಬಲ ಆತು, ಅದನ್ನ ನನ್ನ ಕಾಲಿಗೆ ಯಾರೂ ಹೇಳಿರಲಿಲ್ಲ, ಅಷ್ಟ."

ಕರೆಂಟು ಬಂದದ್ದು ಶ್ರಾವಣದಲ್ಲಿ, ಒಂದು ಸೋಮವಾರ. ಇನ್‌ಸ್ಪೆಕ್ಟರರು ತಾವಾಗಿಯೇ ಬಂದಿದ್ದರು. ಮನೆಯೊಳಗೆ ಬಂದು ಬೋರ್ಡು ನೋಡಿ, ಹಾಸಿಗೆಯ ಹತ್ತಿರ ಕೂತು, "ಅಜ್ಜಿ, ನಿಮ್ಮ ಮನಿ ವೈರಿಂಗ್ ಭಾಳ ಛಲೋ ಐತ್ರಿ" ಎಂದರು.

"ಮನೀದು ಛಲೋ ಐತ್ಯೋ ನನ್ನಪ್ಪಾ. ನನ್ನ ವೈರಿಂಗಽ ಹೋತು" ಎಂದಳು ಅವ್ವ. ಅವರು ನಕ್ಕರು. ನಕ್ಕವರೇ ಕನ್ನಡಕ ತೆಗೆದು ಒರೆಸಿಕೊಂಡರು.

ಹಳೆ ಮನೆಯಿಂದ ತಂದ ಬಲ್ಬನ್ನು ಅವ್ವನ ಹಾಸಿಗೆಯ ಮೇಲೆ ಹಾಕಿಸಿದ್ದೆವು. ಮುಚ್ಚಂಜೆಗೆ ಇವರೇ ಗುಂಡಿ ಒತ್ತಿದರು. ಹತ್ತಿತು. ಓಣಿಯಲ್ಲೆಲ್ಲ ಮಕ್ಕಳು ಹೋ ಎಂದು ಕೂಗಿದರು. ಎಲ್ಲೋ ಬೋರಿನ ಪಂಪು ಗುಂಯ್ ಎಂದಿತು. ಅವ್ವ ಮಲಗಿದಲ್ಲೇ ಎರಡೂ ಕೈ ಎತ್ತಿ ಮುಗಿದಳು. ಬಲ್ಬಿಗೆ ಮುಗಿದಳು, ಎಂದಿನಂತೆ. ಆದರೆ ಅದರ ಕೆಳಗೆ ನಮ್ಮವರು ನಿಂತಿದ್ದರು. ಅತ್ತೆ ತಮಗೆ ಕೈಮುಗಿದಳೆಂದು ತಿಳಿದರು. "ಬ್ಯಾಡ್ರಿ ಅತ್ತಿ, ಬ್ಯಾಡ್ರಿ" ಎನ್ನುತ್ತ ಹಿಂದೆ ಸರಿದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು. ಟೀಸಿಯ ಹತ್ತಿರ ಹೋಗಿ ನಿಂತಿದ್ದರೆಂದು ಆಮೇಲೆ ತಿಳಿಯಿತು. ಆಕೆ ದೀಪಕ್ಕೆ ಕೈಮುಗಿದದ್ದೆಂದು ಅವರಿಗೆ ಎಷ್ಟೋ ಸಲ ಹೇಳಿದ್ದೇನೆ. "ಗೊತ್ತೈತಿ" ಅನ್ನುತ್ತಾರೆ.

ಅವ್ವ ಕಾರ್ತಿಕದಲ್ಲಿ ಹೋದಳು. ಹಾಸಿಗೆ ಹುಣ್ಣಾಗಲಿಲ್ಲ, ಬಾಯಿ ಕೊನೆಯವರೆಗೆ ನಿಲ್ಲಲಿಲ್ಲ, ನನ್ನ ಕೈಯಿಂದ ಒಂದು ಗುಟುಕು ಪಾದೋದಕ ಇಳಿಯಿತು, ಬಲ್ಬು ಉರಿಯುತ್ತಿತ್ತು. ಇಷ್ಟು ಕೊಟ್ಟ ಶಿವನಿಗೆ ನಾನು ಎರಡು ಮಾತು ಆಡಲಾರೆ. ಆದರೆ ಅವಳು ಕಾಲ ಮೇಲೆ ನಿಂತು ಆ ಗುಂಡಿ ಒತ್ತಬೇಕಾಗಿತ್ತು. ಅದನ್ನು ಮಾತ್ರ ಇಂದಿಗೂ ನುಂಗಲು ಆಗಿಲ್ಲ.

ಈಗಲೂ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತೇವೆ. ಊರಿನಲ್ಲಿ ಬೇವು ಬೆಳೆದಿವೆ, ಮನೆಮನೆಗೆ ನಲ್ಲಿ ಬಂದಿದೆ. ಅವ್ವನ ಗದ್ದುಗೆಗೆ ಪೂಜೆ ಮಾಡಿ ಬರುವಾಗ ನಾನು ಒಂದು ಕೊಡ ನೀರು ಟೀಸಿಯ ಬುಡದ ಗುಂಡಿಗೆ ಸುರಿಯುತ್ತೇನೆ. ಮೊದಮೊದಲು ಇವರು, "ಬ್ಯಾಡ, ಹಿನ್ನೀರ ಏರಿ ಈಗ ಅಲ್ಲಿ ಯಾವಾಗೂ ತೇವ ಐತಿ" ಅನ್ನುತ್ತಿದ್ದರು. ನಾನು ಕೇಳುತ್ತಿರಲಿಲ್ಲ.

ಹೋದ ಸಲ ನನ್ನ ಮೊಣಕಾಲು ನೋಯುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದೆ. ನೋಡಿದರೆ ಇವರು ನಲ್ಲಿಯ ಕೆಳಗೆ ಕೊಡ ಇಟ್ಟು, ತುಂಬುವುದನ್ನೇ ಕಾಯುತ್ತ ನಿಂತಿದ್ದರು.